ಸೀದಾ ಕಲಬುರಗಿಗೇ ಒಯ್ಯಬೇಕೆ?

“ಇಲ್ಲೇನ್ ಮಾಡ್ತಾರ್ರೀ, ಸೀದಾ ಕಲಬುರಗಿಗೆ ಒಯ್ರಿ.” ಅಫಜಲಪುರದ ಕಡೆ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ನೆರೆದವರಿಂದ ಬರುವ ಸಲಹೆ ಇದು. ಕೆಲವರು ಸೊಲ್ಲಾಪುರ ಅನ್ನುತ್ತಾರೆ. ಊರು ಬೇರೆಯಾದರೂ ನಂಬಿಕೆ ಒಂದೇ: ದೊಡ್ಡ ದವಾಖಾನೆ ಮುಟ್ಟಿದ ಮೇಲೆಯೇ ಚಿಕಿತ್ಸೆ ಶುರು.

ಹೃದಯಾಘಾತದಲ್ಲಿ ಈ ನಂಬಿಕೆ ಪ್ರಾಣಕ್ಕೇ ಎರವಾಗಬಹುದು. ಅಫಜಲಪುರದಿಂದ ಕಲಬುರಗಿ ಸುಮಾರು 60 ಕಿ.ಮೀ.; ಭೀಮಾ ತೀರದ ಹಳ್ಳಿಗಳಿಂದ ಇನ್ನೂ ದೂರ. ರಕ್ತನಾಳ ಮುಚ್ಚಿದೊಡನೆ ಹೃದಯದ ಸ್ನಾಯು ಸಾಯತೊಡಗುತ್ತದೆ. ಗಾಡಿ ಹುಡುಕಿ, ದುಡ್ಡು ಹೊಂದಿಸಿ, ದಾರಿ ಸವೆಸುವಷ್ಟರಲ್ಲಿ ಔಷಧ ಚೆನ್ನಾಗಿ ನಾಟುವ ಮೊದಲ ತಾಸುಗಳು ಮುಗಿದುಹೋಗಿರುತ್ತವೆ.

ಈ ದೂರವನ್ನು ದಾಟಲೆಂದೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭಿಸಿ, ಹಂತ ಹಂತವಾಗಿ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸಿತು. ರೋಗಿಯ ಎದೆಗೆ ಆರು, ಕೈಕಾಲಿಗೆ ನಾಲ್ಕು ತಂತಿ ಹಚ್ಚಿ ಇಸಿಜಿ ತೆಗೆಯುತ್ತಾರೆ. ಅದು ಅಂತರ್ಜಾಲದ ಮೂಲಕ ದೂರದ ತಜ್ಞರ ಮುಂದೆ ತೆರೆದುಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ನಾಳ ಪೂರ್ತಿ ಮುಚ್ಚಿದ ಲಕ್ಷಣವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ. ರೋಗಿಯ ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ ನರಕ್ಕೆ ಹಾಕುವುದು. ಹತ್ತು ಸೆಕೆಂಡು ಸಾಕು. ಅದಕ್ಕೂ ಮುಂಚೆ ವೈದ್ಯರು ಇತ್ತೀಚೆಗೆ ಆಪರೇಷನ್ ಆಗಿದೆಯೇ, ಪಾರ್ಶ್ವವಾಯು ಬಡಿದಿತ್ತೇ, ಎಲ್ಲಾದರೂ ರಕ್ತಸ್ರಾವವಿದೆಯೇ ಎಂದು ಕೇಳುತ್ತಾರೆ. ಮನೆಯವರು ಅವಸರದಲ್ಲಿ ಏನನ್ನೂ ಮುಚ್ಚಿಡಬಾರದು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕೆ ತದ್ವಿರುದ್ಧ: ಇಂಜೆಕ್ಷನ್ ಆಯಿತು, ನೋವು ಇಳಿಯಿತು, ಇನ್ನು ಮನೆಗೆ ಹೋಗೋಣ. ಇಲ್ಲ. ಕಲಬುರಗಿ ಪ್ರಯಾಣ ಆಗ ಶುರುವಾಗಬೇಕು. ಒಂದು–ಒಂದೂವರೆ ತಾಸಿನಲ್ಲಿ ಇಸಿಜಿ ಸುಧಾರಿಸದಿದ್ದರೆ ತುರ್ತಾಗಿ ಆಂಜಿಯೋಪ್ಲಾಸ್ಟಿ ಬೇಕು. ಸುಧಾರಿಸಿದರೂ 24 ತಾಸಿನೊಳಗೆ ಆಂಜಿಯೋಗ್ರಾಂ ಆಗಬೇಕು. ಕಲಬುರಗಿಯ ಜಯದೇವ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಆಳಂದ, ಜೇವರ್ಗಿ, ಅಫಜಲಪುರದವರು ಬೆಂಗಳೂರಿನ ರೈಲು ಹಿಡಿಯಬೇಕಿಲ್ಲ.

ಇಂಥ ಜಾಲ ಕಾಗದದ ಮೇಲಷ್ಟೇ ಚೆಂದವೆಂದು ಅನುಮಾನಿಸುವವರಿಗೆ ತಮಿಳುನಾಡಿನ ಅನುಭವವಿದೆ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡವಕ್ಕೆ ಜೋಡಿಸಿ 2,420 ರೋಗಿಗಳನ್ನು ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿದಿತ್ತು.

“ಗ್ಯಾಸ್ ಆಗ್ಯದ, ಸೋಡಾ ಕುಡೀರಿ” ಎಂಬ ಮಾತಿಗೆ ಯಾವ ಜಾಲವೂ ಮದ್ದಲ್ಲ. ಎದೆ ಹಿಂಡಿದಂತಾಗಿ ಬೆವರು, ದವಡೆ ಅಥವಾ ಎಡಗೈ ಸೆಳೆತ ಬಂದರೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಸಿರುಕಟ್ಟುವಿಕೆ ಇರಬಹುದು.

ಹೃದಯಕ್ಕಿರುವ ಈ ಅವಸರ ಸೆಪ್ಸಿಸ್‌ಗೂ ಬೇಕು. ದೇಹ ಸೋಂಕನ್ನು ಎದುರಿಸುವಾಗ ಹಿಡಿತ ತಪ್ಪಿ ತನ್ನದೇ ಅಂಗಾಂಗಗಳನ್ನು ಕೆಡಿಸಿಕೊಳ್ಳುವ ಸ್ಥಿತಿ ಅದು. ಜ್ವರವಿಲ್ಲ ಎಂದರೆ ಅಪಾಯವಿಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು; ವಯಸ್ಸಾದವರಲ್ಲಿ, ಹಸುಗೂಸುಗಳಲ್ಲಿ ಮೈ ತಣ್ಣಗಾಗುವುದೂ ಉಂಟು. ವೇಗದ ಉಸಿರು, ಮಂಪರು, ತಡವರಿಸುವ ಮಾತು, ಮೂತ್ರ ಕಡಿಮೆಯಾಗುವುದು ಎಚ್ಚರಿಕೆಯ ಗುರುತು. ಬಾಣಂತಿಯರಲ್ಲಿ ಇವು ಕಂಡರೆ ಒಂದು ರಾತ್ರಿ ಕಾಯುವುದೂ ಸಲ್ಲದು. ರಕ್ತದೊತ್ತಡ ಕುಸಿದಿದ್ದರೆ ಒಂದು ತಾಸಿನೊಳಗೆ ಆಂಟಿಬಯಾಟಿಕ್ ಬೀಳಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ.

ಆ ಮೊದಲ ಡೋಸ್‌ಗೆ, ಸಲೈನ್‌ಗೆ ಮಹಾನಗರ ಬೇಕಿಲ್ಲ. ಇಸಿಜಿಗೆ ಹೆಣೆದ ಜಾಲವನ್ನೇ ಸೆಪ್ಸಿಸ್‌ಗೂ ಹಿಗ್ಗಿಸಿ, ತಾಲ್ಲೂಕಿನ ವೈದ್ಯರು ಫೋನಿನಲ್ಲೇ ಐಸಿಯು ತಜ್ಞರ ಸಲಹೆ ಪಡೆಯುವಂತಾಗಬೇಕು. ರೆಫರ್ ಚೀಟಿಯಲ್ಲಿ ಬರೀ “ಕಲಬುರಗಿಗೆ ಕಳಿಸಿದೆ” ಎಂದಿದ್ದರೆ ಸಾಲದು: ಬಿಪಿ ಎಷ್ಟಿತ್ತು, ಎಷ್ಟು ಬಾಟಲಿ ಸಲೈನ್ ಹೋಗಿದೆ, ಯಾವ ಆಂಟಿಬಯಾಟಿಕ್ ಎಷ್ಟು ಗಂಟೆಗೆ ಬಿತ್ತು, ಇಷ್ಟೂ ಇರಬೇಕು.