ನಿಮಗಿದು ಗೊತ್ತೆ? ಮುನಿಸಿಗೆ ಹೆಸರಿಟ್ಟರೆ ಮಿದುಳು ತಣ್ಣಗಾಗುತ್ತೆ!

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮಗು ಮೂಲೆ ಹಿಡಿದು ಕೂತರೆ ಅಜ್ಜಿ ‘ಯಾಕವ್ವ ಮುನಿಸು?’ ಅನ್ನುತ್ತಾಳೆ. ಅಜ್ಜಿಗೆ ಗೊತ್ತಿಲ್ಲ, ಹೀಗೆ ಭಾವಕ್ಕೆ ಹೆಸರಿಡುವುದರಲ್ಲೂ ವಿಜ್ಞಾನವಿದೆ! 2007ರಲ್ಲಿ ಅಮೆರಿಕದ ವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ ದೊಡ್ಡವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಕೋಪ, ಭಯ ತುಂಬಿದ ಮುಖದ ಚಿತ್ರ ಕಂಡು ಆ ಭಾವದ ಹೆಸರು ಗುರುತಿಸಿದಾಗ, ಅಪಾಯಕ್ಕೆ ಥಟ್ಟನೆ ಮಿಡಿಯುವ ಮಿದುಳಿನ ಭಾಗವಾದ ಅಮಿಗ್ಡಾಲಾದ ಚಟುವಟಿಕೆ ತಗ್ಗಿತ್ತು.

ಹೆಸರಿಗೆ ನಮ್ಮಲ್ಲೇನು ಬರವೆ? ಮುನಿಸು, ಸೆಡವು, ದಿಗಿಲು, ಅಳುಕು: ಒಂದೊಂದರ ಬಣ್ಣವೂ ಬೇರೆ. ಈಗೀಗ ಎಲ್ಲಕ್ಕೂ ‘ಬೇಜಾರು’ ಒಂದೇ!

ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಜೀವನ ಕೌಶಲಗಳಲ್ಲಿ ಹೀಗೆ ಭಾವನೆಗಳನ್ನು ಗುರುತಿಸಿ ನಿಭಾಯಿಸುವುದೂ ಒಂದು. ಬೆಂಗಳೂರಿನ ನಿಮ್ಹಾನ್ಸ್ ಈ ಕೌಶಲಗಳ ಮೇಲೆಯೇ ಹೈಸ್ಕೂಲು ಮಕ್ಕಳಿಗೆ ಕಾರ್ಯಕ್ರಮ ರೂಪಿಸಿದೆ. ಕಲಿಸುವವರು ಶಾಲೆಯ ಮೇಷ್ಟ್ರುಗಳೇ.