ಅಂಗಡಿಯ ಬಾಗಿಲು ತಾನಾಗಿ ಮುಚ್ಚಿಕೊಂಡಾಗ

ಮನೆಯಲ್ಲೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ನಾಲ್ಕು ಕಾಸು ಸಂಪಾದಿಸುವ ಸೋದರಿಯರು ನಮ್ಮಲ್ಲಿ ಎಷ್ಟಿಲ್ಲ! ಈಗ ಅವರಲ್ಲಿ ಅನೇಕರು ವೆಬ್‌ಸೈಟ್ ಮಾಡಿಸಿಕೊಂಡು ದೂರದೂರಿಗೂ ಮಾರುತ್ತಾರೆ. ಒಂದು ಬೆಳಿಗ್ಗೆ ಆ ಅಂಗಡಿಯೇ ಮಾಯವಾದರೆ?

ನಮ್ಮ ಬೀದಿಯ ಗೃಹಿಣಿಯೊಬ್ಬರಿಗೆ ಹಾಗೇ ಆಯಿತು. ಗೌರಿ ಹಬ್ಬಕ್ಕೆ ಇನ್ನು ಎಂಟೇ ದಿನ. ಚಕ್ಕುಲಿಗೆ ಹಿಟ್ಟು ಬೀಸಿಸಿ ಇಟ್ಟಾಗಿದೆ, ಆರ್ಡರ್ ಮಾತ್ರ ಒಂದೂ ಇಲ್ಲ! ಕಣ್ಣೀರು ಒರೆಸಿಕೊಳ್ಳುತ್ತಾ ನಮ್ಮ ಮನೆಗೆ ಬಂದರು. ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ಮಗಳಿಗೆ ಇಂಥ ಸೈಟುಗಳ ರಿಪೇರಿಯೇ ಉದ್ಯೋಗ. ಕೂಡಲೇ ಫೋನ್ ಮಾಡಿದೆ.

"ಚಿಕ್ಕಮ್ಮ, ಗಾಬರಿ ಬೇಡ ಅನ್ನಿ. ಬೇರೆಯವರ ಫೋನಲ್ಲೂ ತೆರೀತಾ ಇಲ್ವಾ? ಪರದೆ ಮೇಲೆ ಏನಿದೆ, ಹಾಗೇ ಓದಿ. ನಿನ್ನೆ ಮೊನ್ನೆ ಯಾರಾದ್ರೂ ಅದರಲ್ಲಿ ಏನಾದ್ರೂ ಬದಲಾಯಿಸಿದ್ರಾ?"

ವೈದ್ಯರು ನಾಡಿ ಹಿಡಿದ ಹಾಗೆ ಈ ಮೂರೇ ಪ್ರಶ್ನೆ. ರೋಗ ತಿಳಿಯಿತು. ಸೈಟಿನ ಹೆಸರು, ಅಂದರೆ ಡೊಮೇನ್, ನಮ್ಮ ಸ್ವಂತ ಆಸ್ತಿಯಲ್ಲ ಕಣ್ರೀ! ಅವಧಿ ಮುಗಿಯುವ ಮುನ್ನ ಶುಲ್ಕ ಕಟ್ಟಿ ನವೀಕರಿಸಬೇಕು. ಆ ನೆನಪೋಲೆಗಳೆಲ್ಲ ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಿಗೆ ಹೋಗಿದ್ದವು. ಅವನೋ ಬೇರೆ ಕೆಲಸ ಹಿಡಿದು ಊರು ಬಿಟ್ಟಿದ್ದ!

ನಾವೇ ದಡ್ಡರು ಎಂದುಕೊಳ್ಳಬೇಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯೇ ಒಂದು ಹೆಸರಿನ ಶುಲ್ಕ ಮರೆತು, ಹಾಟ್‌ಮೇಲ್ ಅನೇಕರಿಗೆ ತೆರೆಯದಂತಾಗಿತ್ತು. ಹೊರಗಿನ ಪ್ರೋಗ್ರಾಮರ್ ಒಬ್ಬರು ತಮ್ಮ ಕೈಯಿಂದ 35 ಡಾಲರ್ ಕಟ್ಟಿ ಉಳಿಸಿದರು. 2020ರ ಫೆಬ್ರವರಿಯಲ್ಲಿ ಅದೇ ಕಂಪನಿಯ ಟೀಮ್ಸ್ ಕೆಲವು ಗಂಟೆ ನಿಂತಿತು. ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೇ.

ಹುಡುಗನನ್ನು ಹೇಗೋ ಹುಡುಕಿ, ಆ ಸಂಜೆಯೇ ಶುಲ್ಕ ಕಟ್ಟಿಸಿದೆವು. ಕೆಲವರಿಗೆ ರಾತ್ರಿಯೇ ಸೈಟ್ ತೆರೆಯಿತು, ಎಲ್ಲರಿಗೂ ಕಾಣಲು ಮರುದಿನವಾಯಿತು. ಹಳೆಯ ಉತ್ತರವನ್ನು ಇಂಟರ್‌ನೆಟ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದಂತೆ. ಅಷ್ಟರಲ್ಲಿ ಹಳೆಯ ಗಿರಾಕಿಗಳಿಗೆ ವಾಟ್ಸಾಪ್ ಮಾಡಿ ಆರ್ಡರ್ ತೆಗೆದುಕೊಂಡೆವು. ಹಿಟ್ಟು ದಂಡವಾಗಲಿಲ್ಲ! ಇನ್ನೂ ತಡವಾಗಿದ್ದರೆ ಹೆಚ್ಚು ಹಣ ತೆರಬೇಕಿತ್ತು. ಕೊನೆಗೆ ಆ ಹೆಸರು ಬೇರೆಯವರ ಪಾಲೂ ಆಗಬಹುದಿತ್ತು.

ಅಕ್ಕನ ಮಗಳು ಹೇಳಿದ ಕಿವಿಮಾತು ಇಲ್ಲಿದೆ:

• ಡೊಮೇನ್ ಖಾತೆ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಲಿ.

• ಡೊಮೇನ್, ಸೈಟ್ ಇಟ್ಟ ಜಾಗದ ಬಾಡಿಗೆ, ಪ್ರಮಾಣಪತ್ರ, ಈ ಮೂರರ ಗಡುವನ್ನೂ ಬರೆದಿಡಿ.

• ಹೆಪ್ಪಿಗೆಂದು ಮೊಸರು ಎತ್ತಿಡುವುದಿಲ್ಲವೇ? ಹಾಗೇ ಸೈಟಿನ ಒಂದು ಪ್ರತಿ ಬೇರೆ ಕಡೆ ಇರಲಿ. ಏನಾದರೂ ಬದಲಾಯಿಸುವ ಮುನ್ನ ತಪ್ಪದೆ ಪ್ರತಿ ತೆಗೆಸಿ.

• ಹಬ್ಬದ ವಾರದಲ್ಲಿ ಹೊಸ ಪ್ರಯೋಗ ಬೇಡ.

• "ನಿಮ್ಮ ಸೈಟ್ ಈಗಲೇ ನಿಲ್ಲುತ್ತೆ" ಎಂದು ಅಪರಿಚಿತರು ಹೆದರಿಸಿದರೆ ಹಣವನ್ನೂ ಕೊಡಬೇಡಿ, ಓಟಿಪಿಯನ್ನೂ ಹೇಳಬೇಡಿ.

ಈಗ ಆಕೆಯ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಜೊತೆಗೇ ಡೊಮೇನ್ ಗಡುವೂ ಇದೆ, ಕೆಂಪು ಶಾಯಿಯಲ್ಲಿ. ನಿಮ್ಮದು ಯಾವ ತಾರೀಖು? ಇವತ್ತೇ ನೋಡಿಬಿಡಿ!