ಕಾಗದವಿಲ್ಲದ ನಿಧಿಶೋಧ

2000ದ ಮೇ 2ರಂದು ಅಮೆರಿಕವು ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬವರು ಡಬ್ಬಿಯೊಂದನ್ನು ಅಡಗಿಸಿ, ಅದರ ಅಕ್ಷಾಂಶ-ರೇಖಾಂಶಗಳನ್ನು ಸಾರಿದರು. ಜಿಯೋಕ್ಯಾಶಿಂಗ್ ಎಂಬ ನಿಧಿಶೋಧದ ಆಟ ಹುಟ್ಟಿದ್ದು ಹೀಗೆ.

ಮೊದಲು ವಿವರಗಳನ್ನು ಕಾಗದದಲ್ಲಿ ಅಚ್ಚುಮಾಡಿ ಒಯ್ಯಬೇಕಿತ್ತು. ಇಂದು ನಕ್ಷೆ, ಸುಳಿವು ಎಲ್ಲವೂ ಅಂಗೈಯ ಉಪಕರಣದಲ್ಲಿವೆ. ಉಪಗ್ರಹದ ಸಂಕೇತಕ್ಕೆ ಇಂಟರ್‌ನೆಟ್ಟಿನ ಹಂಗಿಲ್ಲ, ನಕ್ಷೆಗೆ ಉಂಟು. ಆದಕಾರಣ ಗುಡ್ಡಗಾಡಿಗೆ ಹೊರಡುವವರು ಮನೆಯಲ್ಲಿಯೇ ನಕ್ಷೆಯನ್ನು ಇಳಿಸಿಕೊಳ್ಳುವುದು ಲೇಸು. ಲೇಖನಿಯೂ ಇರಲಿ: ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ರುಜು ಹಾಕುವ ನಿಯಮ ಇನ್ನೂ ಉಳಿದಿದೆ.

ಚಿಲಮತ್ತೂರು, ಲೇಪಾಕ್ಷಿಗಳ ಕಡೆಯ ಕನ್ನಡಿಗರಿಗೆ ಇಲ್ಲೊಂದು ಕರ್ತವ್ಯವೂ ಉಂಟು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ತೆಲುಗಿನೊಡನೆ ಕನ್ನಡದ ಹೆಸರನ್ನೂ ಯಾರಾದರೂ ಸೇರಿಸಬಹುದು. ಕೆರೆ, ಗುಡ್ಡಗಳನ್ನು ನಮ್ಮ ಹಿರಿಯರು ಕರೆದ ಹೆಸರು ಕಾಗದದಲ್ಲಿಯೂ ಇಲ್ಲದೆ, ನಕ್ಷೆಯಲ್ಲಿಯೂ ಇಲ್ಲದೆ ಹೋದರೆ, ಮುಂದಿನ ಮಕ್ಕಳು ಅದನ್ನು ಎಲ್ಲಿ ಹುಡುಕಿಯಾರು?